ಬೇಲಿಯಿಲ್ಲದ ಕಡಲು

“ಹಡಗು ನಿಲ್ಲುವ ಜೆಟ್ಟಿಗೆಂದು ಗುರುತಿಸಿದ ಕಡಲಿನಲ್ಲಿ ಮೀನುಗಾರಿಕೆಯ ಯಾವ ಕುರುಹೂ ಕಂಡುಬಂದಿಲ್ಲ,” ಎಂದು ಪರಿಸರ ವರದಿ ಓದಿದ ವಿದಾದ್ ತಲೆಯೆತ್ತಲಿಲ್ಲ. ಕೆರ್ಕೆನ್ನಾ ದ್ವೀಪದ ಆ ಶಾಲೆಯ ಕೋಣೆಯಲ್ಲಿ ಕೂತವರೆಲ್ಲ ಮೀನು ಹಿಡಿಯುವ ಜನ. ವರದಿ ಬರೆದ ಅವಳೂ ಅದೇ ಊರಿನ ಹುಡುಗಿ.

“ಅಯ್ಯೋ ನಿನ್ನ!” ಹಿಂದಿನ ಬೆಂಚಿನಿಂದ ಮಹ್ಬೂಬಾ ಕೂಗಿದಳು. “ಮೀನೇ ಹಿಡಿಯಲ್ವಂತೆ ನಾವು! ಹಾಗಾದ್ರೆ ನಿಮ್ಮಪ್ಪ ನಿನ್ನನ್ನ ಓದಿಸಿದ್ದು ಏನು, ಮರಳು ಮಾರಿನಾ?”

ಜನ ನಕ್ಕರು. ಮುಂದಿನ ಸಾಲಿನಲ್ಲಿದ್ದ ತಿಜಾನಿ ಮಾತ್ರ ನಗದೆ ಎದ್ದು ನಿಂತ. ಅವನು ವಿದಾದ್‌ಳ ಚಿಕ್ಕಪ್ಪ. ಅಜ್ಜನ ಕಾಲದಿಂದ ಅವನ ಪಾಲಿಗೆ ಬಂದಿದ್ದ ಕಡಲಿನ ತುಂಡಿನ ಮೇಲೆಯೇ ಜೆಟ್ಟಿ ಏಳಬೇಕಿತ್ತು. ಅದು ಹೋದರೆ ಅವನಿಗೆ ಬೇರೆ ಅನ್ನದ ದಾರಿಯಿಲ್ಲ.

“ಸುಮ್ನಿರೇ ಮಹ್ಬೂಬಾ, ನಾಲಿಗೆಗೆ ಎಲುಬಿಲ್ಲ ಅಂತ ಏನು ಬೇಕಾದ್ರೂ ಆಡೋದಾ? ಮಗು ಬಂದಿದ್ದು ಯಾವಾಗ? ಕಡು ಬೇಸಿಗೇಲಿ. ಮೀನು ಹಿಡಿಯೋಕೆ ನೀರಲ್ಲಿ ನೆಟ್ಟಿರೋ ಖರ್ಜೂರದ ಗರಿ ಬೇಲೀನೆಲ್ಲ, ಮರಿಗಳು ಬೆಳೀಲಿ ಅಂತ ನಾವೇ ಕಿತ್ತು ದಡಕ್ಕೆ ಹಾಕಿರೋ ಕಾಲ. ಬರೀ ನೀರು ಕಂಡಿದೆ, ಬರೀ ನೀರು ಅಂತ ಬರೆದಿದೆ. ಪಟ್ಟಣದಲ್ಲಿದ್ದು ನಮ್ಮ ಪದ್ಧತಿ ಮರೆತುಬಿಟ್ಟಿದೆ, ಅಷ್ಟೆ. ಅಲ್ವೇನಮ್ಮಾ?”

ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು ವಿದಾದ್‌ಗೆ. ಮರೆಯುವುದೆ! ಚಿಕ್ಕವಳಿದ್ದಾಗ ಪ್ರತಿ ಬೇಸಿಗೆಯೂ ಇದೇ ಚಿಕ್ಕಪ್ಪನ ಹಿಂದೆ ಮೊಣಕಾಲುದ್ದ ನೀರಿನಲ್ಲಿ ಓಡಾಡಿ ಆ ಬೇಲಿ ಕಿತ್ತವಳು ಅವಳು. “ಸಮೀಕ್ಷೆ ಬೇಸಿಗೆಯಲ್ಲೇ ಮುಗಿಸಿಬಿಡು,” ಎಂದು ಜೆಟ್ಟಿ ಕಟ್ಟುವ ಕಂಪನಿಯ ಮ್ಯಾನೇಜರ್ ಶಾಕಿರ್ ಹೇಳಿದಾಗ ಯಾಕೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಹೂಂಗುಟ್ಟಿದ್ದಳು. ಥೂ, ಅದೂ ಒಂದು ಬಾಳೇ?

ಪಕ್ಕದಲ್ಲಿ ಕೂತಿದ್ದ ಶಾಕಿರ್‌ಗೆ ಹೋದ ಜೀವ ಬಂದಂತಾಯಿತು. “ನೋಡಿ, ಹಿರಿಯರು ಎಷ್ಟು ಚೆನ್ನಾಗಿ ಹೇಳಿದ್ರು! ಸಣ್ಣದೊಂದು ಮರೆವು. ವರದಿಗೆ ಒಂದು ಸಾಲು ಸೇರಿಸಿದ್ರಾಯ್ತು, ಕೆಲಸಕ್ಕೇನೂ ಅಡ್ಡಿಯಿಲ್ಲ.” ಆಮೇಲೆ ಅವಳ ಕಿವಿಯತ್ತ ಬಗ್ಗಿದ. “ಹೌದು ಅಂದ್ಬಿಡು. ಬೇಕಂತ್ಲೇ ಮಾಡಿದ್ದು ಅಂದ್ರೆ ವರದಿನೇ ರದ್ದಾಗುತ್ತೆ. ನಿನ್ನನ್ನಂತೂ ಇನ್ಯಾರೂ ಕೆಲಸಕ್ಕೆ ಕರಿಯಲ್ಲ.”

ತಿಜಾನಿ ಇನ್ನೂ ನಿಂತೇ ಇದ್ದ. “ಹೇಳಮ್ಮಾ, ಹೆದರ್ಬೇಡ. ಮರೆವು ಯಾರಿಗಿಲ್ಲ? ನಾನು ಮೊನ್ನೆ ನನ್ನ ದೋಣೀನೇ ಮರೆತು ಬಂದಿದ್ದೆ.”

“ಮರೆತಿರ್ಲಿಲ್ಲ ಚಿಕ್ಕಪ್ಪಾ.” ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು. “ಮರೆತಿರ್ಲಿಲ್ಲ. ಬೇಲಿ ಇರಲ್ಲ ಅಂತ ಗೊತ್ತಿದ್ದೇ ಆಗ ಬಂದೆ. ಗೊತ್ತಿದ್ದೇ ಬರೆದೆ.”

ಶಾಕಿರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

ತಿಜಾನಿ ತಲೆಯ ಮೇಲಿನ ಕೆಂಪು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳ ಕಡೆ ನೋಡಲಿಲ್ಲ. ನಿಧಾನವಾಗಿ ಊರವರತ್ತ ತಿರುಗಿದ.

“ನಮ್ಮನೆ ಮಗು,” ಎಂದ. “ತಪ್ಪಾಯ್ತು, ಕ್ಷಮಿಸಿಬಿಡಿ.”