ಯಾರ ಕಂಪ್ಯೂಟರಿನಲ್ಲಿ ಸಿಕ್ಕರೂ

"ಇದ್ರಲ್ಲಿ ಓಪನ್ ಆಗಲ್ಲ ಸಾರ್," ಎಂದಳು ಗುಮಾಸ್ತೆ ಕವನ.

ಸೋಮಶೇಖರ್ ಮೂಗು ಮುರಿದ. ನಂಜನಗೂಡಿನ ಮುಖ್ಯ ಕಚೇರಿಯಲ್ಲಿ ಸಿಕ್ಕಿಸಿದೊಡನೆ ತೆರೆದುಕೊಳ್ಳುವ ಹಾರ್ಡ್ ಡಿಸ್ಕ್ ತಿ. ನರಸೀಪುರದ ಶಾಲೆಗೆ ಬಂದ ಕೂಡಲೇ ಕೆಟ್ಟುಹೋಯಿತೇ? ಅಂಗೈಯಗಲದ ಆ ಪೆಟ್ಟಿಗೆ ಇಡೀ ವಿದ್ಯಾಸಂಸ್ಥೆಯಲ್ಲಿ ಇದ್ದದ್ದು ಕಾರ್ಯದರ್ಶಿಯಾದ ಅವನೊಬ್ಬನ ಬಳಿ. ಅದನ್ನು ಜೇಬಿನಿಂದ ತೆಗೆಯುವಾಗ ನಾಲ್ಕು ಜನ ನೋಡಲಿ ಎಂಬ ಆಸೆ ಅವನಿಗೆ.

ಕವನ ವಿವರಿಸಲು ಹೋದಳು. ತನ್ನದು ತೊಂಬತ್ತೆಂಟರ ವಿಂಡೋಸ್, ಮುಖ್ಯ ಕಚೇರಿಯದು ಎಕ್ಸ್‌ಪಿ, ಅಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಇದು ಓದುವುದಿಲ್ಲ ಎಂದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಗದ್ದೆ ಕೂಲಿಯ ಚನ್ನಯ್ಯನ ಮಗಳಿಂದ ಪಾಠ ಹೇಳಿಸಿಕೊಳ್ಳುವ ಗತಿ ತನಗಿನ್ನೂ ಬಂದಿಲ್ಲ.

"ಸುತ್ತೋಲೆ ಪ್ರಿಂಟ್ ತೆಗೀಬೇಕು. ಕತೆ ಬೇಡ."

ಅವಳು ಕಿಟಕಿ ಪಕ್ಕದ ಮೇಜಿನತ್ತ ಹೋಗಿ, ಹೊಸ ಕಂಪ್ಯೂಟರಿನ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆ ಸರಿಸಿ ಡಿಸ್ಕ್ ಸಿಕ್ಕಿಸಿದಳು. ಪರದೆಯ ಮೇಲೆ ಕಡತಗಳ ಸಾಲು ಮೂಡಿತು.

"ಇದ್ರಲ್ಲಿ ಆಯ್ತು ಸಾರ್. ಆದ್ರೆ ಇದು..."

"ನಂಗೊತ್ತು. ಹೋಗಿ ಕಾಫಿ ತಗೊಂಡ್ಬಾ."

ಒಬ್ಬಳಿಗೆ ಎರಡು ಕಂಪ್ಯೂಟರ್! ಸರ್ಕಾರ ತಲೆ ಮೇಲೆ ಕೂರಿಸಿಕೊಂಡದ್ದು ಸಾಲದೆಂದು ಸಂಸ್ಥೆಯೂ ಕೂರಿಸಿಕೊಂಡಿದೆ ಎಂದುಕೊಂಡ. ಪಕ್ಕದ ಕೋಣೆಯಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅವನು ಒಂದು ಕಡತವನ್ನು ಆ ಕಂಪ್ಯೂಟರಿನೊಳಗೆ ಇಳಿಸಿದ.

ಅದು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ. ಎರಡು ಸಾವಿರದ ಐದರ ಜನವರಿಯಲ್ಲಿ, ಪರೀಕ್ಷೆಗೆ ವಾರ ಮೊದಲೇ ಅದು ಮಕ್ಕಳ ಕೈ ಸೇರಿತ್ತು. ಸೇರಿಸಿದ್ದು ಸೋಮಶೇಖರನ ಭಾವಮೈದುನನ ಟ್ಯೂಷನ್. ಭಾವಮೈದುನನಿಗೆ ಕೊಟ್ಟವನು ಸೋಮಶೇಖರನೇ. ಪೋಷಕರು ಗೇಟಿನ ಮುಂದೆ ಕೂತ ಮೇಲೆ ಅಧ್ಯಕ್ಷ ಗಂಗಾಧರಸ್ವಾಮಿಯವರು ವಿಚಾರಣೆಗೆ ಹೇಳಿದ್ದರು. ಯಾರಾದರೊಬ್ಬರು ಸಿಕ್ಕಬೇಕಿತ್ತು. ಕವನಳ ಪರವಾಗಿ ಮಾತಾಡುವವರು ಸಂಸ್ಥೆಯಲ್ಲಿ ಒಬ್ಬರೂ ಇರಲಿಲ್ಲ.

ಕಾಫಿ ಬಂತು. ಅವಳ ಕೈಯಿಂದ ಬಂದ ಲೋಟವನ್ನು ಅವನು ಎಂದೂ ಮುಟ್ಟಿದವನಲ್ಲ. ಪ್ರಿಂಟ್ ಎತ್ತಿಕೊಂಡು ಹೊರಟ.

ಮೂರನೆಯ ದಿನ ನಂಜನಗೂಡಿನಲ್ಲಿ ಆಡಳಿತ ಮಂಡಳಿಯ ಸಭೆ ಸೇರಿತು. ಠರಾವನ್ನು ಸೋಮಶೇಖರ್ ತಾನೇ ಬರೆದು, ತಾನೇ ಗಟ್ಟಿಯಾಗಿ ಓದಿದ: ಯಾರ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಸಿಕ್ಕರೂ, ಅವರು ಎಷ್ಟೇ ಬೇಕಾದವರಾದರೂ, ಅಂದೇ ಕೆಲಸದಿಂದ ತೆಗೆದು ಪೊಲೀಸರಿಗೆ ಒಪ್ಪಿಸತಕ್ಕದ್ದು. ಎಲ್ಲರೂ ರುಜು ಹಾಕಿದರು. ಮಧ್ಯಾಹ್ನ ಎಲ್ಲರೂ ಎರಡು ಕಾರಿನಲ್ಲಿ ನರಸೀಪುರಕ್ಕೆ ಬಂದರು.

ಕವನ ಎದ್ದು ನಿಂತಳು. ಅವಳ ಮೇಜಿನ ಹಳೇ ಕಂಪ್ಯೂಟರಿನತ್ತ ಸೋಮಶೇಖರ್ ತಿರುಗಿಯೂ ನೋಡಲಿಲ್ಲ. ನೇರ ಕಿಟಕಿಯ ಬಳಿ ಹೋಗಿ, ಹುಡುಕುವವನಂತೆ ನಾಲ್ಕು ಕಡೆ ಒತ್ತಿ, ಕಡತ ತೆರೆದ. ಗಂಗಾಧರಸ್ವಾಮಿಯವರು ಕನ್ನಡಕ ಹಾಕಿಕೊಂಡು ಮೊದಲ ಪ್ರಶ್ನೆಯಿಂದ ಕೊನೆಯವರೆಗೂ ಓದಿದರು.

ಕವನ ಸೋಮಶೇಖರನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅವನಿಗೆ ಭಯ ಕಂಡಿತು; ಹಿತವಾಯಿತು.

"ಇಂಥೋರ್ನೆಲ್ಲ ಒಳಗೆ ಬಿಟ್ಕೊಂಡ್ರೆ ಇಷ್ಟೇ ಸ್ವಾಮಿ," ಎಂದ. "ಠರಾವಿನಂತೆ ಪೊಲೀಸರಿಗೆ ಫೋನ್ ಮಾಡಿಬಿಡ್ಲಾ?"

"ಇರಿ," ಎಂದರು ಗಂಗಾಧರಸ್ವಾಮಿ. ಕವನಳ ಕಡೆ ತಿರುಗಿದರು. "ಇದು ಯಾರ ಕಂಪ್ಯೂಟರಮ್ಮ?"

"ಸೆಕ್ರೆಟರಿ ಸಾರ್‌ದು," ಎಂದಳು ಕವನ. "ಹೋದ್ವಾರ ಅವ್ರ ಹೆಸರಿಗೇ ಬಂತು, ಪಕ್ಕದಲ್ಲಿ ಅವ್ರ ರೂಮಿಗೆ ಬಣ್ಣ ಹೊಡೀತಿದಾರಲ್ಲ, ಒಣಗೋವರ್ಗೂ ಇಲ್ಲಿಟ್ಟಿದೀವಿ."