ಐದನೆಯ ಬೆಸುಗೆ

ಅದೇ ರೇಡಿಯೋ, ಕಿತ್ತಿದ್ದೂ ಅದೇ ಜಾಗದಲ್ಲಿ. ನನ್ನ ರಿಪೇರಿ ಅಂಗಡಿಗೆ ಆ ಹುಡುಗಿ ಅದನ್ನು ತಂದಿದ್ದು ಐದನೆಯ ಸಲ. ನಾನು ಬೆಸೆದಿದ್ದ ತಂತಿಯ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂದಿತ್ತು.

“ಬಿದ್ದರೆ ಹೀಗಾಗಲ್ಲ ಕಣಮ್ಮ. ಯಾರೋ ತಂತಿ ಹಿಡಿದು ಎಳೆದಿದ್ದಾರೆ. ನಿನ್ನ ಗಂಡನಾ?”

“ಅವರು ಇದನ್ನ ಮುಟ್ಟಲ್ಲ ಅಕ್ಕ. ಅತ್ತೆ.”

“ಏನು ಸೊಕ್ಕು! ಕಿತ್ತುಹಾಕೋದು ಅವರು, ಹೊತ್ತುಕೊಂಡು ಬಂದು ಇಲ್ಲಿ ಎರಡು ಗಂಟೆ ಕಾಯೋದು ನೀನು!”

ಅವಳು ತಲೆ ತಗ್ಗಿಸಿದಳು. ಸತ್ತು ಹತ್ತು ವರ್ಷವಾದ ನನ್ನ ಅತ್ತೆಯ ಮೇಲಿನ ಸಿಟ್ಟೂ ನನ್ನ ಕೋಪಕ್ಕೆ ಸೇರಿಕೊಂಡಿತು. ಕಾದ ಸಾಲ್ಡರಿಂಗ್ ಐರನ್ನನ್ನು ಕೆಳಗಿಟ್ಟೆ.

“ಇನ್ನು ಬೆಸುಗೆ ಹಿಡಿಯೋಕೆ ಈ ಬೋರ್ಡಲ್ಲಿ ತಾಮ್ರವೇ ಉಳಿದಿಲ್ಲ. ಇದೇ ಕೊನೇ ಸಲ ಅಂತ ಹೇಳು ಅವರಿಗೆ. ಬೇಡ, ನೀನು ಹೇಳಲ್ಲ. ಸಂಜೆ ನಾನೇ ಮನೆಗೆ ಬಂದು, ನಿನ್ನ ಗಂಡನ ಎದುರಿಗೇ ಆಯಮ್ಮನ್ನ ಕೇಳ್ತೀನಿ.”

ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

“ಬೇಡ ಅಕ್ಕ, ದಮ್ಮಯ್ಯ! ಅವರಮ್ಮನ ರೇಡಿಯೋ ಕೆಟ್ಟಾಗ ಮಾತ್ರ ನಮ್ಮ ಯಜಮಾನರು ನನ್ನನ್ನ ಮನೆಯಿಂದ ಹೊರಗೆ ಬಿಡೋದು. ಅದಕ್ಕೇ ಅತ್ತೆ ತಂತಿ ಕಿತ್ತುಕೊಡ್ತಾರೆ.”