ಕಲ್ಲು ತಿಕ್ಕುವವಳ ಹೆಬ್ಬೆರಳು

ಐದನೆಯ ಸಲ ಒತ್ತಿದಾಗಲೂ ಬೆರಳಚ್ಚಿನ ಯಂತ್ರದಲ್ಲಿ ಕೆಂಪು ದೀಪವೇ ಹತ್ತಿತು. ಚಿತ್ತಾಪುರದ ಸರ್ಕಾರಿ ಕಚೇರಿಯ ಬಸವೇಶ್ವರಿ ಮೇಡಂ ಶೆಫಾಲಿಯ ಹೆಬ್ಬೆರಳನ್ನು ತಮ್ಮ ಸೆರಗಿನಿಂದಲೇ ಒರೆಸಿದರು, ಕೊಬ್ಬರಿ ಎಣ್ಣೆ ಹಚ್ಚಿ ನೋಡಿದರು. ಅವಳ ಅಜ್ಜ ಬಂಗಾಳದ ಗಡಿ ದಾಟಿ ಬಂದು ನಿರಾಶ್ರಿತರ ಕ್ಯಾಂಪು ಸೇರಿದ ಮೇಲೆ, ಆ ಮನೆಯಲ್ಲಿ ಪೌರತ್ವಕ್ಕೆ ಇಷ್ಟು ಹತ್ತಿರ ಬಂದವಳು ಅವಳೊಬ್ಬಳೇ. ಬೆರಳಚ್ಚೊಂದೇ ಬಾಕಿಯಿತ್ತು.

“ಗೆರಿನೇ ಉಳಿದಿಲ್ಲಲ್ಲ ತಂಗಿ! ಏನ್ ಕೆಲ್ಸ ಮಾಡ್ತಿ?”

“ಶಹಾಬಾದ್‌ನಾಗ ನೆಲಕ್ಕ ಹಾಸೋ ಪರಸಿ ಕಲ್ಲು ತಿಕ್ತೀನ್ರಿ ಮೇಡಂ.”

“ಒಂದ್ ತಿಂಗಳು ಕಲ್ಲು ಮುಟ್ಟಬ್ಯಾಡ. ಗೆರಿ ತಾವೇ ಮೂಡ್ತಾವ. ಆಮ್ಯಾಲ ಬಾ.”

“ತಿಂಗಳು ಬಿಟ್ಟರ ಸೇಠ್ ಬ್ಯಾರೆದವರನ್ನ ಇಟ್ಕೋತಾರ್ರಿ. ಕೆಲ್ಸ ಅದ ಅಂತ ಅವರ ಚೀಟಿನೂ ನೀವೇ ಕೇಳೀರಲ್ರಿ?”

ಮೇಡಂ ಆ ಸವೆದ ಹೆಬ್ಬೆರಳನ್ನೇ ನೋಡಿದರು. ಹಿಡಿದ ಬೆರಳನ್ನು ಬಿಡಲಿಲ್ಲ.

ಕೊನೆಗೆ ಶೆಫಾಲಿಯೇ ಕೈ ಬಿಡಿಸಿಕೊಂಡು ತಿರುಗಿದಳು. ಗುಡಿಗೆ ಬಂದವಳ ಹಾಗೆ ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದಳು. ಕನ್ನಡಿಯಂತೆ ಹೊಳೆಯುವ ಪರಸಿಯ ನೆಲದ ಮೇಲೆ, ಬಾಗಿಲಿನಿಂದ ಮೇಜಿನ ತನಕ ಅವಳ ಧೂಳುಗಾಲಿನ ಗುರುತು ಒಂದೊಂದು ಗೆರೆಯೂ ಕಾಣುವಷ್ಟು ಸ್ಪಷ್ಟವಾಗಿ ಮೂಡಿತ್ತು.

“ಕಾಲು ಒರಸ್ಕೊಂಡು ಬರಬಾರ್ದೇನವ್ವಾ?” ಎನ್ನುತ್ತ ಕಸಗುಡಿಸುವ ಸಾಬಮ್ಮ ಒದ್ದೆ ಬಟ್ಟೆ ಹಿಡಿದು, ಆ ಹೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತ ಬಂದಳು.